ಬ್ರೂಸ್ ಲೀ, ಜಾಕಿ ಚಾನ್ ಬಿಟ್ಟರೆ ಹಳೇ ಕುಂಗ್ ಫೂ ನಟರಲ್ಲಿ ಯಾರನ್ನು ಮೊದಲು ನೋಡಬೇಕು?

ನನ್ನ ಕೇಳಿದರೆ ಗಾರ್ಡನ್ ಲಿಯು. ಹಾಂಗ್‌ಕಾಂಗ್‌ನ ಶಾ ಬ್ರದರ್ಸ್ ಸ್ಟುಡಿಯೋದ ಬೋಳುತಲೆ ಹೀರೋ.

1978ರ 'ದಿ 36ತ್ ಚೇಂಬರ್ ಆಫ್ ಶಾವೊಲಿನ್' ನಿಂದ ಶುರು ಮಾಡಿ. ಇದರಲ್ಲಿ ಹೊಡೆದಾಟಕ್ಕಿಂತ, ನಾಯಕ ಶಾವೊಲಿನ್ ಮಠದಲ್ಲಿ ಕುಂಗ್ ಫೂ ಕಲಿಯುವುದೇ ಜಾಸ್ತಿ. ತೋಳಿಗೆ ಚೂರಿ ಕಟ್ಟಿಕೊಂಡು, ಕೈ ಚಾಚಿ ನೀರಿನ ಬಕೆಟ್ ಹೊರಬೇಕು. ಕೈ ಇಳಿಸಿದರೆ ಪಕ್ಕೆಗೇ ಚುಚ್ಚುತ್ತದೆ! ಗುರುವಿನ ಜೋಡಿ ಕತ್ತಿಯ ಮುಂದೆ ಮತ್ತೆ ಮತ್ತೆ ಸೋತು, ಕೊನೆಗೆ ಮೂರು ತುಂಡಿನ ದೊಣ್ಣೆಯನ್ನು ತಾನೇ ಮಾಡಿಕೊಳ್ಳುತ್ತಾನೆ. ಸೋತವನ ಮುಖದಲ್ಲಿ ಕೋಪ ಇಲ್ಲ, ಯೋಚನೆ ಇದೆ. ನಾನು ಅಭಿಮಾನಿಯಾಗಿದ್ದು ಅಲ್ಲೇ.

ನಿರ್ದೇಶಕ ಲಾವ್ ಕಾರ್-ಲಿಯುಂಗ್ ಸ್ವತಃ ಕುಂಗ್ ಫೂ ಮನೆತನದವರು. ಅವರ ಅಪ್ಪನ ಗುರು, ಹೆಸರಾಂತ ಕುಂಗ್ ಫೂ ಪಟು ವಾಂಗ್ ಫೈ-ಹುಂಗ್ ಅವರ ಶಿಷ್ಯ. ಹಾಗಾಗಿ ಏಟುಗಳಿಗೆ ಒಂದು ಲೆಕ್ಕ ಇರುತ್ತದೆ, ಸುಮ್ನೆ ಕೈಕಾಲು ಬೀಸಾಟ ಅಲ್ಲ.

ಅಂದಹಾಗೆ, ಹಾಲಿವುಡ್ ಚಿತ್ರ 'ಕಿಲ್ ಬಿಲ್' ಎರಡನೇ ಭಾಗದಲ್ಲಿ ಬಿಳಿಗಡ್ಡ ನೀವುತ್ತಾ ಕಾಡುವ ಗುರು ಪೈ ಮೇ ನೆನಪಿದ್ದಾನಾ? ಅದೂ ಗಾರ್ಡನ್ ಲಿಯು ಅವರೇ. ಮೊದಲ ಭಾಗದಲ್ಲಿ ಮುಖವಾಡ ಹಾಕಿದ ಜಾನಿ ಮೋ ಕೂಡ ಇವರೇ. ನಾನಂತೂ ಮೊದಲ ಸಲ ಗುರುತೇ ಹಿಡಿಯಲಿಲ್ಲ.