ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ವಿಮಾನದಲ್ಲಿ ಎಷ್ಟು ದೂರ, ಎಷ್ಟು ಹೊತ್ತು?

ನೇರವಾಗಿ ಅಳೆದರೆ ಸುಮಾರು 14,000 ಕಿಲೋಮೀಟರ್. ಎಲ್ಲೂ ಇಳಿಯದೆ ಹೋದರೆ 16ರಿಂದ 18 ಗಂಟೆ ಹಿಡಿಯುತ್ತದೆ.

ಗೋಡೆಯ ಮೇಲಿನ ನಕಾಶೆ ನೋಡಿ ದಾರಿ ಊಹಿಸಬೇಡಿ. ಭೂಮಿ ದುಂಡಗಿದೆ, ಈ ಎರಡು ಊರುಗಳು ಹೆಚ್ಚುಕಡಿಮೆ ಅದರ ಎದುರುಬದುರು ಬದಿಯಲ್ಲಿವೆ. ಹಾಗಾಗಿ ತೀರಾ ಹತ್ತಿರದ ದಾರಿ ಉತ್ತರ ಧ್ರುವದ ಕಡೆಯಿಂದಲೇ ಹೋಗುತ್ತದೆ! 2021ರ ಜನವರಿಯಲ್ಲಿ ಏರ್ ಇಂಡಿಯಾದ ಮೊದಲ ನೇರ ವಿಮಾನ ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಬಂದದ್ದು ಧ್ರುವದ ಮೇಲೆ ಹಾರಿಯೇ. ಅದನ್ನು ಹಾರಿಸಿದವರೆಲ್ಲ ಮಹಿಳಾ ಪೈಲಟ್‌ಗಳು. ಅದನ್ನು ನೆನೆದರೆ ನನಗೆ ಈಗಲೂ ಖುಷಿಯಾಗುತ್ತದೆ.

ಆದರೆ ದಿನವೂ ಅದೇ ದಾರಿ ಇರಲ್ಲ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೋರು ಗಾಳಿ ಬೀಸುತ್ತಿರುತ್ತದೆ. ಆ ಗಾಳಿ ಬೆನ್ನಿಗೆ ಸಿಕ್ಕರೆ, ಪೆಸಿಫಿಕ್ ಸಾಗರದ ಮೇಲಿನ ಉದ್ದದ ದಾರಿಯಲ್ಲೂ ಬೇಗ ತಲುಪಬಹುದು.

ದುಬೈ, ಫ್ರಾಂಕ್‌ಫರ್ಟ್ ಅಥವಾ ಸಿಂಗಾಪುರದಲ್ಲಿ ವಿಮಾನ ಬದಲಿಸುವುದಾದರೆ ಕಾಯುವ ಹೊತ್ತೂ ಸೇರಿ 22 ಗಂಟೆ ಅಥವಾ ಇನ್ನೂ ಜಾಸ್ತಿ ಇಟ್ಟುಕೊಳ್ಳಿ. ನೇರ ವಿಮಾನ ಆಗಾಗ ನಿಲ್ಲುವುದು, ಮತ್ತೆ ಶುರುವಾಗುವುದು ಉಂಟು. ಟಿಕೆಟ್ ತೆಗೆಯುವ ಮುಂಚೆ ವಿಚಾರಿಸಿ.

ಟಿಕೆಟ್ಟಿನಲ್ಲಿ ಹೊರಡುವ, ತಲುಪುವ ಸಮಯ ನೋಡಿ ಗಾಬರಿಯಾಗಬೇಡಿ. ಅಲ್ಲಿನ ಗಡಿಯಾರ ನಮಗಿಂತ ಚಳಿಗಾಲದಲ್ಲಿ ಹದಿಮೂರೂವರೆ, ಬೇಸಿಗೆಯಲ್ಲಿ ಹನ್ನೆರಡೂವರೆ ಗಂಟೆ ಹಿಂದೆ. ಚಳಿಗಾಲದಲ್ಲಿ ಇಲ್ಲಿ ಮಧ್ಯಾಹ್ನ 2ಕ್ಕೆ ಹೊರಟು 16 ಗಂಟೆ ಹಾರಿದರೆ, ಅಲ್ಲಿ ಅದೇ ದಿನ ಸಂಜೆ ನಾಲ್ಕೂವರೆ!