ಬಾಯಿಬಿಟ್ಟು ಹೇಳದ ಪ್ರೀತಿಯನ್ನು ಬರೆಯುವುದು ಹೇಗೆ?

ನಿಮ್ಮ ಪ್ರಶ್ನೆ ಎರಡು ಸಲ ಓದಿದೆ. ನೀವು ನೋಡುವ ಟಿವಿ ಸರಣಿಯಲ್ಲಿ ಆ ಇಬ್ಬರು ಪತ್ತೇದಾರರು ಬರೀ ಜೊತೆಗೆ ಕೆಲಸ ಮಾಡುವವರು. ನಿಮಗೆ ಅವರ ನಡುವೆ ಇನ್ನೇನೋ ಕಾಣಿಸುತ್ತಿದೆ. ಫ್ಯಾನ್‌ಫಿಕ್ಷನ್, ಅಂದರೆ ಆ ಪಾತ್ರಗಳನ್ನಿಟ್ಟು ಅಭಿಮಾನಿಯಾಗಿ ನಿಮ್ಮದೇ ಕಥೆ, ಬರೆಯಲು ಕೂತಿದ್ದೀರಿ, ಆದರೆ ಪ್ರೀತಿ ಹೇಳಿಕೊಳ್ಳುವ ಸೀನ್ ಬಂದ ಕೂಡಲೇ ಎಲ್ಲ ನಾಟಕದ ಹಾಗೆ ಅನಿಸುತ್ತಿದೆ. ಮೇಲಿನ ಉತ್ತರದಲ್ಲಿ ಇನ್ನೊಬ್ಬರು ‘ಸುಮ್ನೆ ಒಳ್ಳೆಯ ಸ್ನೇಹವನ್ನು ಕೆಡಿಸಬೇಡಿ’ ಅಂತಲೂ ಬರೆದಿದ್ದಾರೆ.

ಅದಕ್ಕೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ನೀವು ಏನೇ ಬರೆದರೂ ಮೂಲ ಸರಣಿಯ ಒಂದು ಸೀನೂ ಅಲುಗಾಡುವುದಿಲ್ಲ. ಇದು ಹೊಸ ಹುಚ್ಚೂ ಅಲ್ಲ. 1966ರಲ್ಲಿ ಶುರುವಾದ ಅಮೆರಿಕದ ಟಿವಿ ಸರಣಿ ‘ಸ್ಟಾರ್ ಟ್ರೆಕ್’ ನೋಡಿದವರು ಅದರ ಬಾಹ್ಯಾಕಾಶ ನೌಕೆಯ ಕ್ಯಾಪ್ಟನ್ ಕರ್ಕ್ ಮತ್ತು ಅವನ ಜೊತೆಗಾರ ಅಧಿಕಾರಿ ಸ್ಪಾಕ್ ಬಗ್ಗೆ ಇದನ್ನೇ ಮಾಡಿದರು. ಅಂಥ ಮೊದಲ ಕಥೆಗಳಲ್ಲಿ ಒಂದು 1974ರಲ್ಲಿ ಅಭಿಮಾನಿಗಳೇ ತೆಗೆಯುತ್ತಿದ್ದ ಪತ್ರಿಕೆಯಲ್ಲಿ ಬಂತು. ಅದರಲ್ಲಿ ಪಾತ್ರಗಳ ಹೆಸರೇ ಇರಲಿಲ್ಲ, ಓದಿದವರೇ ಊಹಿಸಿಕೊಳ್ಳಬೇಕಿತ್ತು. ಗುಸುಗುಸು ಎಷ್ಟು ಬೆಳೆಯಿತೆಂದರೆ, ಸರಣಿ ಹುಟ್ಟುಹಾಕಿದ ಜೀನ್ ರಾಡನ್‌ಬೆರಿ 1979ರ ಕಾದಂಬರಿಯಲ್ಲಿ ಒಂದು ಅಡಿಟಿಪ್ಪಣಿ ಹಾಕಿ, ಕರ್ಕ್ ಕೈಯಲ್ಲೇ ಅದಕ್ಕೆ ಉತ್ತರ ಹೇಳಿಸಿದರು. ಅಭಿಮಾನಿಗಳು ಆ ಅಡಿಟಿಪ್ಪಣಿಯಲ್ಲೂ ಪ್ರೀತಿ ಹುಡುಕಿದರು ಬಿಡಿ!

ಈಗ ನಿಮ್ಮ ಸೀನಿಗೆ ಬರೋಣ. ‘ಇವರು ಒಬ್ಬರನ್ನೊಬ್ಬರು ಪ್ರೀತಿಸುತ್ತಾರೆ’ ಅನ್ನುವುದರಿಂದ ನೀವು ಶುರು ಮಾಡಿದ್ದೀರಿ ಅನಿಸುತ್ತದೆ. ‘ಇಷ್ಟು ದಿನ ಯಾಕೆ ಹೇಳಿಲ್ಲ?’ ಅನ್ನುವುದರಿಂದ ಶುರು ಮಾಡಿ ನೋಡಿ. ಕೆಲಸ ಹೋಗುವ ಭಯವಾ? ಹಳೆಯ ಮದುವೆಯ ನೋವಾ? ತನ್ನ ಮನಸ್ಸೇ ತನಗೆ ಗೊತ್ತಿಲ್ಲವಾ? ಇದಕ್ಕೆ ಗಟ್ಟಿ ಉತ್ತರ ಸಿಗದಿದ್ದರೆ ಎಂಥ ಸೀನ್ ಬರೆದರೂ ಅಂಟಿಸಿದ ಹಾಗೇ ಕಾಣುತ್ತದೆ.

ಕಾನನ್ ಡಾಯ್ಲ್ ಅವರ ‘ಮೂವರು ಗ್ಯಾರಿಡೆಬ್‌ಗಳು’ ಕಥೆ ಸಿಕ್ಕರೆ ಓದಿ, ಪತ್ತೇದಾರ ಷರ್ಲಾಕ್ ಹೋಮ್ಸ್ ಮತ್ತು ಅವನ ಗೆಳೆಯ ವಾಟ್ಸನ್ ಕಥೆ ಅದು. 1924ರದ್ದು. ಕಳ್ಳನೊಬ್ಬ ಗುಂಡು ಹಾರಿಸುತ್ತಾನೆ, ವಾಟ್ಸನ್ ತೊಡೆಗೆ ತಗುಲುತ್ತದೆ. ಹೋಮ್ಸ್ ಪಿಸ್ತೂಲಿನಿಂದ ಕಳ್ಳನ ತಲೆಗೆ ಬಾರಿಸಿ, ವಾಟ್ಸನ್‌ನನ್ನು ತಬ್ಬಿ ಹಿಡಿದು ಕುರ್ಚಿಗೆ ಕರೆದೊಯ್ಯುತ್ತಾನೆ. ಪೆಟ್ಟಾಗಿಲ್ಲ ತಾನೇ, ದೇವರಾಣೆಗೂ ಹೇಳು ಎಂದು ಅಂಗಲಾಚುತ್ತಾನೆ. ತುಟಿ ನಡುಗುತ್ತಿದೆ. ನೋಡಿದರೆ ಬರೀ ತರಚು ಗಾಯ. ಆಮೇಲೆ ಕಳ್ಳನ ಕಡೆ ತಿರುಗಿ, ಇವನು ಸತ್ತಿದ್ದರೆ ನೀನು ಈ ಕೋಣೆಯಿಂದ ಜೀವಂತ ಹೋಗುತ್ತಿರಲಿಲ್ಲ ಎನ್ನುತ್ತಾನೆ. ಅಷ್ಟೇ, ಮತ್ತೆ ಕೇಸಿನ ಮಾತು. ಹೋಮ್ಸ್ ಮೊದಲು ಅಚ್ಚಾಗಿದ್ದು 1887ರಲ್ಲಿ. ಅಷ್ಟು ವರ್ಷ ತಣ್ಣಗಿದ್ದ ಮನುಷ್ಯ ಅರೆಗಳಿಗೆ ಹಿಡಿತ ತಪ್ಪಿದ, ಅದಕ್ಕೇ ಓದುವವರ ಎದೆ ಧಸಕ್ಕೆನ್ನುತ್ತದೆ. ಇದನ್ನು ಗಾಢ ಸ್ನೇಹ ಎಂದು ಓದುವವರೂ ಇದ್ದಾರೆ, ಪ್ರೀತಿ ಎಂದು ಓದುವವರೂ ಇದ್ದಾರೆ. ಸಬ್‌ಟೆಕ್ಸ್ಟ್ (ಬಾಯಿಬಿಟ್ಟು ಹೇಳದೆ ಒಳಗೆ ಅಡಗಿರುವ ಅರ್ಥ) ಅಂದರೆ ಇದೇ ಅಲ್ವಾ?

ನಿಮ್ಮವರಿಗೆ ಗುಂಡೇಟೇ ಬೇಕಿಲ್ಲ. ರಾತ್ರಿ ಕಾರಿನಲ್ಲಿ ಕೂತು ಒಂದು ಮನೆ ಕಾಯುತ್ತಿದ್ದಾರೆ ಅಂದುಕೊಳ್ಳಿ. ಒಬ್ಬ ನಿದ್ದೆಹೋದ. ಇನ್ನೊಬ್ಬ ವೈರ್‌ಲೆಸ್ ಸದ್ದು ತಗ್ಗಿಸುತ್ತಾನೆ. ಫೋನ್ ಬಂದರೆ ಮೊದಲ ರಿಂಗಿಗೇ ಎತ್ತಿ, ‘ಇಬ್ಬರೂ ಎಚ್ಚರ ಇದ್ದೀವಿ ಸರ್’ ಎಂದು ಪಿಸುಗುಟ್ಟುತ್ತಾನೆ. ಇಡೀ ಸರಣಿಯಲ್ಲಿ ಮೇಲಧಿಕಾರಿಗೆ ಸುಳ್ಳೇ ಹೇಳದವನು ಅವನು. ಒಂದು ಪುಟದ ಡೈಲಾಗ್ ಮಾಡದ ಕೆಲಸವನ್ನು ಆ ಸುಳ್ಳು ಮಾಡುತ್ತದೆ.

ಇಂಥವು ಬೇಕೆಂದರೆ ಸರಣಿಯನ್ನು ಮತ್ತೆ ನೋಡಿ, ಈ ಸಲ ಸದ್ದು ಪೂರ್ತಿ ನಿಲ್ಲಿಸಿ. ಯಾರು ಯಾರಿಗಾಗಿ ನಿಲ್ಲುತ್ತಾರೆ, ಜಗಳವಾದ ಮೇಲೆ ಮೊದಲು ಯಾರು ಬರುತ್ತಾರೆ, ಬರೆದಿಟ್ಟುಕೊಳ್ಳಿ. ಮಾತಿನ ಧಾಟಿಗೆ ಮಾತ್ರ ಸದ್ದು ಹಾಕಿ ಇನ್ನೊಮ್ಮೆ ನೋಡಬೇಕು. ಎರಡು ಪದದಲ್ಲಿ ಮಾತು ಮುಗಿಸುವವನು ನಿಮ್ಮ ಕಥೆಯಲ್ಲಿ ಇದ್ದಕ್ಕಿದ್ದಂತೆ ಕವಿಯಾಗಬಾರದು. ಇನ್ನೊಂದು ಮಾತು. ಒಬ್ಬನಿಗೆ ಹೆಂಡತಿ ಇದ್ದಾಳೆ ಎಂದಿರಿ. ದಾರಿ ಸಲೀಸಾಗಲಿ ಅಂತ ಅವಳನ್ನು ಗಯ್ಯಾಳಿ ಮಾಡಬೇಡಿ. ಈ ಬಗೆಯ ಕಥೆಗಳಲ್ಲಿ ನನಗೆ ತೀರಾ ಬೇಸರ ತರಿಸುವುದು ಅದೇ.

ಕಥೆಯನ್ನು ಇಂಟರ್ನೆಟ್‌ನಲ್ಲಿ ಹಾಕುವಾಗ ಟ್ಯಾಗ್ ಸರಿಯಾಗಿ ಕೊಡಿ. 2009ರಲ್ಲಿ ಎಲ್ಲರಿಗೂ ತೆರೆದ ಫ್ಯಾನ್‌ಫಿಕ್ಷನ್ ತಾಣ ‘ಆರ್ಕೈವ್ ಆಫ್ ಅವರ್ ಓನ್’ನಲ್ಲಿ ಇಬ್ಬರ ಹೆಸರಿನ ನಡುವೆ ಓರೆಗೀಟು (/) ಇದ್ದರೆ ಪ್ರೇಮದ ಕಥೆ, ‘&’ ಗುರುತು ಇದ್ದರೆ ಸ್ನೇಹದ ಕಥೆ. ಓರೆಗೀಟು ‘ಸ್ಟಾರ್ ಟ್ರೆಕ್’ ಅಭಿಮಾನಿಗಳಿಂದ ಬಂದದ್ದು. ಮೇಲೆ ಆಕ್ಷೇಪಿಸಿದವರಿಗೂ ಇದರಿಂದ ಅನುಕೂಲ, ಬೇಡದ್ದನ್ನು ಅವರು ಫಿಲ್ಟರ್ ಮಾಡಬಹುದು. ಕಥೆಯನ್ನು ಮಾರಲು ಹೋಗಬೇಡಿ, ಪಾತ್ರಗಳ ಹಕ್ಕು ಬೇರೆಯವರದ್ದು. ನಟರ ಖಾತೆಗೆ ಟ್ಯಾಗ್ ಮಾಡಿ ‘ನೀವಿಬ್ಬರೂ ನಿಜವಾಗಿ...’ ಅಂತ ಕೇಳುವುದಂತೂ ಬೇಡವೇ ಬೇಡ. ಪಾತ್ರ ಬೇರೆ, ಆ ಮನುಷ್ಯ ಬೇರೆ.

ಈಗ ಬರೆದಿರುವ ಸೀನನ್ನು ಅಳಿಸಬೇಡಿ, ಬೇರೆ ಫೈಲಿನಲ್ಲಿಡಿ. ಅದಕ್ಕಿಂತ ಹಿಂದಿನ ಮೂರು ಸೀನ್ ಬರೆದಾದ ಮೇಲೆ ತೆರೆದು ನೋಡಿ. ಬಹುಶಃ ಎರಡು ಸಾಲು ಸಾಕಾಗುತ್ತದೆ, ಉಳಿದದ್ದನ್ನು ಆಗ ಕತ್ತರಿಸಿ.