ಎಎಲ್‌ಪಿ ಇಳಿದಿದೆ, ತುರಿಕೆ ಏಕೆ ಇಳಿದಿಲ್ಲ?

ನೀವು ಕೇಳಿರುವುದು ಇಷ್ಟು: ತಾಯಿಯವರಿಗೆ ಪ್ರೈಮರಿ ಬಿಲಿಯರಿ ಕೊಲಾಂಜೈಟಿಸ್, ಅಂದರೆ ಲಿವರಿನ ಸಣ್ಣ ಪಿತ್ತನಾಳಗಳು ಹಾಳಾಗುತ್ತ ಹೋಗುವ ಪಿಬಿಸಿ ರೋಗ ಇದೆ. ಅರ್ಸೋ (ಅರ್ಸೋಡಿಆಕ್ಸಿಕೋಲಿಕ್ ಆಮ್ಲ) ಮಾತ್ರೆ ಶುರುವಾಗಿ ಎಂಟು ತಿಂಗಳಾಗಿದೆ. ಎಎಲ್‌ಪಿ ಎಂಬ ಲಿವರ್ ಕಿಣ್ವ 410ರಿಂದ 190ಕ್ಕೆ ಬಂದಿದೆ, ಬಿಲಿರುಬಿನ್ (ಕಾಮಾಲೆಯಲ್ಲಿ ಏರುವ ಹಳದಿ ವಸ್ತು) 0.8. ಆದರೂ ಅಂಗೈ, ಅಂಗಾಲಿನ ತುರಿಕೆ ಹೆಚ್ಚಾಗಿದೆ, ರಾತ್ರಿ ನಿದ್ದೆಯಿಲ್ಲ. ರಿಪೋರ್ಟ್ ತಪ್ಪೋ, ಮಾತ್ರೆ ಕೆಲಸ ಮಾಡುತ್ತಿಲ್ಲವೋ?

ಎರಡೂ ಅಲ್ಲ. ಪಿಬಿಸಿಯಲ್ಲಿ ತುರಿಕೆಯ ತೀವ್ರತೆಗೂ ಎಎಲ್‌ಪಿ, ಬಿಲಿರುಬಿನ್ ಅಂಕಿಗಳಿಗೂ ನೇರ ಸಂಬಂಧವಿಲ್ಲ. ಎಎಲ್‌ಪಿ ಹೆಚ್ಚುಕಡಿಮೆ ನಾರ್ಮಲ್ ಇರುವ ಕೆಲವರು ಚರ್ಮ ಕಿತ್ತುಬರುವಷ್ಟು ಕೆರೆದುಕೊಳ್ಳುತ್ತಾರೆ. ಐದು ಪಟ್ಟು ಏರಿರುವ ಕೆಲವರಿಗೆ ತುರಿಕೆಯೇ ಇರುವುದಿಲ್ಲ. ರೋಗ ಬಹಳ ಮುಂದುವರಿದು ಸಿರೋಸಿಸ್ ಆದಾಗ, ಅಂದರೆ ಲಿವರ್ ಕಲೆಗಟ್ಟಿ ಗಟ್ಟಿಯಾದಾಗ, ತುರಿಕೆ ತಾನಾಗಿ ಕಡಿಮೆಯಾಗುವುದೂ ಉಂಟು, ಅದನ್ನು ಗುಣವಾಯಿತೆಂದು ತಿಳಿಯಬಾರದು. ಅರ್ಸೋ ಲಿವರನ್ನು ಕಾಪಾಡುವ ಔಷಧ, ತುರಿಕೆಯ ಔಷಧವಲ್ಲ. ತಾಯಿಯವರ ಅಂಕಿಗಳು ಅದು ತನ್ನ ಕೆಲಸ ಮಾಡುತ್ತಿದೆ ಎನ್ನುತ್ತಿವೆ. ತುರಿಕೆಗೆ ಬೇರೆಯದೇ ಚಿಕಿತ್ಸೆ ಬೇಕು, ಅದನ್ನು ಬಾಯಿಬಿಟ್ಟು ಕೇಳಬೇಕು. ರಿಪೋರ್ಟ್ ಚೆನ್ನಾಗಿದೆ ಎಂಬ ಕಾರಣಕ್ಕೆ ತುರಿಕೆಯ ಮಾತೇ ಬಾರದೆ ಭೇಟಿ ಮುಗಿಯುವುದು ಈ ರೋಗದಲ್ಲಿ ತೀರಾ ಸಾಮಾನ್ಯ, ಅದು ನನಗೆ ಬಹಳ ಬೇಸರದ ಸಂಗತಿ.

ಮೊದಲು ರಿಪೋರ್ಟ್. ಎಎಲ್‌ಪಿ ಎಂದರೆ ಆಲ್ಕಲೈನ್ ಫಾಸ್ಫಟೇಸ್. ಸಣ್ಣ ಪಿತ್ತನಾಳಗಳು ಹಾಳಾಗಿ ಪಿತ್ತರಸದ ಹರಿವು ಕುಂಠಿತವಾದಾಗ ಲಿವರ್ ಈ ಕಿಣ್ವವನ್ನು ಹೆಚ್ಚು ತಯಾರಿಸುತ್ತದೆ. ಎಎಲ್‌ಟಿ, ಎಎಸ್‌ಟಿ ಎಂಬ ಲಿವರಿನ ಇನ್ನೆರಡು ಕಿಣ್ವಗಳು ಹಾಗಲ್ಲ. ಜೀವಕೋಶ ಗಾಯಗೊಂಡಾಗ ಅವು ಹೊರಗೆ ಸೋರುತ್ತವೆ. ಎಎಲ್‌ಪಿ ಮೂಳೆಯಿಂದಲೂ ಬರುತ್ತದೆ. ವಿಟಮಿನ್ ಡಿ ಕೊರತೆಯಿದ್ದರೆ, ಮೂಳೆ ಮುರಿದು ಕೂಡಿಕೊಳ್ಳುತ್ತಿದ್ದರೆ ಅದು ಏರುತ್ತದೆ. ಜೊತೆಗೆ ಜಿಜಿಟಿ ಎಂಬ ಲಿವರಿನ ಮತ್ತೊಂದು ಕಿಣ್ವವೂ ಏರಿದ್ದರೆ ಮೂಲ ಲಿವರ್ ಎಂದು ನಂಬಬಹುದು. ಆದರೆ ಜಿಜಿಟಿ ಮದ್ಯದಿಂದಲೂ ಅಪಸ್ಮಾರಕ್ಕೆ ಕೊಡುವ ಫಿನಿಟಾಯಿನ್‌ನಂಥ ಕೆಲವು ಮಾತ್ರೆಗಳಿಂದಲೂ ಏರುವುದರಿಂದ ಅದೊಂದನ್ನೇ ಹಿಡಿದು ರೋಗ ಹೆಚ್ಚಾಯಿತೆಂದು ಹೆದರಬೇಡಿ.

190 ಎಂಬ ಅಂಕಿಯನ್ನು ಹಾಗೇ ಓದಬೇಡಿ. ಪಕ್ಕದಲ್ಲಿ ಅಚ್ಚಾಗಿರುವ ಗರಿಷ್ಠ ಮಿತಿಯಿಂದ ಭಾಗಿಸಿ. ಮಿತಿ 120 ಆಗಿದ್ದರೆ 190 ಎಂದರೆ ಸುಮಾರು 1.6 ಪಟ್ಟು, 140 ಆಗಿದ್ದರೆ 1.4 ಪಟ್ಟು ಕೂಡ ಇಲ್ಲ. ಲ್ಯಾಬ್ ಬದಲಿಸಿದರೆ ರೋಗ ಇದ್ದಲ್ಲೇ ಇದ್ದರೂ ಅಂಕಿ ಬೇರೆ ಬರುತ್ತದೆ, ಆದ್ದರಿಂದ ಸಾಧ್ಯವಾದಷ್ಟೂ ಒಂದೇ ಲ್ಯಾಬ್ ಇಟ್ಟುಕೊಳ್ಳಿ, ಪಟ್ಟಿಯನ್ನು ಪಟ್ಟುಗಳಲ್ಲೇ ಬರೆಯಿರಿ. ಕೊಬ್ಬಿನ ಊಟದ ನಂತರ ಕರುಳಿನ ಎಎಲ್‌ಪಿ ರಕ್ತಕ್ಕೆ ಸೇರಿ ಅಂಕಿ ಸ್ವಲ್ಪ ಏರಬಹುದು, ರಕ್ತದ ಗುಂಪು ಓ ಅಥವಾ ಬಿ ಇರುವವರಲ್ಲಿ ಇದು ಹೆಚ್ಚು; ಖಾಲಿ ಹೊಟ್ಟೆಯಲ್ಲಿ ಕೊಡುವುದು ಒಳ್ಳೆಯದು. ಎಎಲ್‌ಪಿ ಇದ್ದಕ್ಕಿದ್ದಂತೆ ನಂಬಲಾಗದಷ್ಟು ಕೆಳಗೆ ಬಂದು, ಜೊತೆಗೆ ಕ್ಯಾಲ್ಸಿಯಂ ಕಡಿಮೆ, ಪೊಟ್ಯಾಶಿಯಂ ಹೆಚ್ಚು ಎಂದು ಬಂದರೆ ನೇರಳೆ ಮುಚ್ಚಳದ ಟ್ಯೂಬಿನ ರಾಸಾಯನಿಕ ಬೆರೆತಿರುವ ಸಾಧ್ಯತೆ ಇದೆ, ಮತ್ತೊಮ್ಮೆ ರಕ್ತ ಕೊಡಬೇಕು. ವಾರವಾರ ಪರೀಕ್ಷೆ ಮಾಡಿಸುವುದರಿಂದ ಗಾಬರಿಯಷ್ಟೇ ಹೆಚ್ಚುತ್ತದೆ. ರೋಗ ಸ್ಥಿರವಾಗಿದ್ದರೆ ಮೂರರಿಂದ ಆರು ತಿಂಗಳಿಗೊಮ್ಮೆ ಸಾಕು.

ಅರ್ಸೋಗೆ ಲಿವರ್ ಎಷ್ಟು ಸ್ಪಂದಿಸಿತು ಎಂಬ ತೀರ್ಮಾನ ಒಂದು ವರ್ಷ ತುಂಬಿದಾಗ ಆಗುತ್ತದೆ. ಹೆಚ್ಚು ಬಳಕೆಯಲ್ಲಿರುವ ಅಳತೆಗಳಲ್ಲಿ ಒಂದಾದ ಪ್ಯಾರಿಸ್-2ರ ಪ್ರಕಾರ ಎಎಲ್‌ಪಿ ಮತ್ತು ಎಎಸ್‌ಟಿ ಎರಡೂ ಗರಿಷ್ಠ ಮಿತಿಯ 1.5 ಪಟ್ಟಿನೊಳಗೆ, ಬಿಲಿರುಬಿನ್ ನಾರ್ಮಲ್ ಇರಬೇಕು. ತಾಯಿಯವರು ಆ ಗೆರೆಯ ಹತ್ತಿರದಲ್ಲೇ ಇದ್ದಾರೆ. ಒಮ್ಮೆ ಡೋಸ್ ಲೆಕ್ಕ ಹಾಕಿ ನೋಡಿ: ದೇಹದ ತೂಕದ ಪ್ರತಿ ಕಿಲೋಗೆ ದಿನಕ್ಕೆ 13ರಿಂದ 15 ಮಿಗ್ರಾಂ ಬೇಕು. 60 ಕಿಲೋ ತೂಕಕ್ಕೆ 780ರಿಂದ 900 ಮಿಗ್ರಾಂ. 300 ಮಿಗ್ರಾಂ ಮಾತ್ರೆ ದಿನಕ್ಕೆ ಎರಡೇ ಆಗುತ್ತಿದ್ದರೆ ಅದು ಕಡಿಮೆ. ಹಾಗೆಂದು ನೀವೇ ಏರಿಸಬೇಡಿ, ವೈದ್ಯರ ಮುಂದೆ ಈ ಲೆಕ್ಕ ಇಡಿ.

ನನ್ನ ಕಣ್ಣು ಎಎಲ್‌ಪಿಗಿಂತ ಹೆಚ್ಚು ಹೊತ್ತು ನಿಲ್ಲುವುದು ಬಿಲಿರುಬಿನ್, ಅಲ್ಬುಮಿನ್ (ಲಿವರ್ ತಯಾರಿಸುವ ಪ್ರೋಟೀನ್), ಐಎನ್‌ಆರ್ (ರಕ್ತ ಹೆಪ್ಪುಗಟ್ಟುವಿಕೆಯ ಅಳತೆ), ಪ್ಲೇಟ್‌ಲೆಟ್‌ಗಳ ಮೇಲೆ. ಬಿಲಿರುಬಿನ್ ತಿಂಗಳಿಂದ ತಿಂಗಳಿಗೆ ಏರುವುದು, ಅದರಲ್ಲೂ ಡೈರೆಕ್ಟ್ ಭಾಗ ಏರುವುದು ಗಂಭೀರ; 3 ಮಿಗ್ರಾಂ ಹತ್ತಿರ ಬಂದರೆ ಲಿವರ್ ಕಸಿಯ ಕೇಂದ್ರದಲ್ಲಿ ತೋರಿಸುವ ಹೊತ್ತು. ರಿಪೋರ್ಟಿನಲ್ಲಿ ಮೈಕ್ರೋಮೋಲ್ ಎಂದಿದ್ದರೆ 17ರಿಂದ ಭಾಗಿಸಿದರೆ ಮಿಗ್ರಾಂ ಸಿಗುತ್ತದೆ. ಪ್ಲೇಟ್‌ಲೆಟ್ ವರ್ಷದಿಂದ ವರ್ಷಕ್ಕೆ ಇಳಿಯುತ್ತಿದ್ದರೆ ಗುಲ್ಮ ದೊಡ್ಡದಾಗುತ್ತಿದೆ ಎಂಬ ಗುಮಾನಿ ಇರಲಿ. ಎಎಂಎ ಪ್ರತಿಕಾಯ ರೋಗ ಪತ್ತೆಗೆ ಮಾತ್ರ, ಅದರ ಏರಿಳಿತಕ್ಕೆ ಅರ್ಥವಿಲ್ಲ, ಮತ್ತೆ ಮತ್ತೆ ಮಾಡಿಸಬೇಕಿಲ್ಲ. ತುರಿಕೆಗೆ ಕಾರಣ ಹುಡುಕಲು ಪಿತ್ತಾಮ್ಲದ ಪರೀಕ್ಷೆ ಮಾಡಿಸಲೇ ಎಂದು ಹಲವರು ಕೇಳುತ್ತಾರೆ. ಗರ್ಭಿಣಿಯರ ತುರಿಕೆಯಲ್ಲಿ ಅದು ಉಪಯುಕ್ತ. ಪಿಬಿಸಿಯಲ್ಲಿ ಅದರಿಂದ ಏನೂ ತೀರ್ಮಾನವಾಗದು. ಅರ್ಸೋ ಸ್ವತಃ ಪಿತ್ತಾಮ್ಲವಾದ್ದರಿಂದ ಅದೂ ಲೆಕ್ಕಕ್ಕೆ ಸೇರಿಬಿಡುತ್ತದೆ.

ಈಗ ತುರಿಕೆ. ಪಿತ್ತಾಮ್ಲಗಳು, ಲೈಸೋಫಾಸ್ಫಾಟಿಡಿಕ್ ಆಮ್ಲ, ಅದನ್ನು ತಯಾರಿಸುವ ಆಟೋಟ್ಯಾಕ್ಸಿನ್ ಕಿಣ್ವ, ದೇಹದೊಳಗಿನ ಓಪಿಯಾಯ್ಡ್‌ಗಳು (ಮಾರ್ಫಿನ್‌ನಂಥ ವಸ್ತುಗಳು), ಇವೆಲ್ಲವೂ ನರಗಳನ್ನು ಕೆರಳಿಸುತ್ತವೆ ಎಂಬುದು ಈಗಿನ ತಿಳಿವಳಿಕೆ. ಇಲ್ಲಿ ಹಿಸ್ಟಮಿನ್‌ನ ಪಾತ್ರ ಅಲ್ಪ. ಆದ್ದರಿಂದಲೇ ಅಲರ್ಜಿಯ ಮಾತ್ರೆ ನಿದ್ದೆ ಬರಿಸೀತೇ ಹೊರತು ತುರಿಕೆಯನ್ನು ಕೊಲ್ಲುವುದಿಲ್ಲ, ಸಿರೋಸಿಸ್ ಇದ್ದವರಲ್ಲಿ ಮಂಪರು ಅಪಾಯಕಾರಿಯೂ ಹೌದು.

ಔಷಧಕ್ಕೆ ಮುಂಚೆ ಇದು ಲಿವರಿನ ತುರಿಕೆಯೇ ಎಂದು ಖಚಿತಪಡಿಸಿಕೊಳ್ಳಬೇಕು. ಲಿವರಿನ ತುರಿಕೆ ಸಂಜೆ, ರಾತ್ರಿ ಜಾಸ್ತಿ, ಅಂಗೈ ಅಂಗಾಲಿನಲ್ಲಿ ಹೆಚ್ಚು, ಬಿಸಿಗೆ, ಉಣ್ಣೆಗೆ ಕೆರಳುತ್ತದೆ, ಕೆರೆದರೂ ಸಮಾಧಾನವಿಲ್ಲ, ಕೆರೆದ ಗಾಯ ಬಿಟ್ಟರೆ ಚರ್ಮದಲ್ಲಿ ಗುಳ್ಳೆ, ದದ್ದು ಇರುವುದಿಲ್ಲ. ಬೆರಳ ಸಂದಿನಲ್ಲಿ ಗುಳ್ಳೆಗಳಿದ್ದು ಮನೆಯಲ್ಲಿ ಇನ್ನೊಬ್ಬರಿಗೂ ತುರಿಕೆ ಇದ್ದರೆ ಕಜ್ಜಿ ಇರಬಹುದು. ಥೈರಾಯ್ಡ್ ತೊಂದರೆ ಪಿಬಿಸಿ ಇರುವವರಲ್ಲಿ ಸಾಮಾನ್ಯ, ಅದರಿಂದಲೂ ತುರಿಸುತ್ತದೆ. ಟಿಎಸ್‌ಎಚ್ (ಥೈರಾಯ್ಡ್), ಫೆರಿಟಿನ್ (ಕಬ್ಬಿಣಾಂಶ), ಕ್ರಿಯಾಟಿನಿನ್ (ಮೂತ್ರಪಿಂಡ) ಒಮ್ಮೆ ನೋಡಿಸಿ.

ಮೊದಲ ಔಷಧ ಸಾಮಾನ್ಯವಾಗಿ ಕೊಲೆಸ್ಟೈರಮಿನ್ ಪುಡಿ. ಇದು ಕರುಳಿನಲ್ಲೇ ಉಳಿದು ಪಿತ್ತಾಮ್ಲಗಳನ್ನು ಕಟ್ಟಿಕೊಂಡು ಮಲದಲ್ಲಿ ಹೋಗುತ್ತದೆ. 4 ಗ್ರಾಂನಿಂದ ಆರಂಭ, ಹೆಚ್ಚೆಂದರೆ ದಿನಕ್ಕೆ 16 ಗ್ರಾಂ. ರಾತ್ರಿಯಿಡೀ ಪಿತ್ತಕೋಶದಲ್ಲಿ ಸಂಗ್ರಹವಾದ ಪಿತ್ತ ಬೆಳಗಿನ ಉಪಾಹಾರದ ಹೊತ್ತಿಗೆ ಕರುಳಿಗೆ ಇಳಿಯುತ್ತದೆ. ಆದ್ದರಿಂದ ಉಪಾಹಾರದ ಮುಂಚೆ ಒಂದು, ನಂತರ ಒಂದು ಡೋಸ್ ಎಂದು ಹಂಚಿದರೆ ಹೆಚ್ಚು ಫಲ. ಒಣಪುಡಿ ನುಂಗಬಾರದು, ನೀರಿನಲ್ಲೋ ಹಣ್ಣಿನ ರಸದಲ್ಲೋ ಕದಡಿ ಒಂದೆರಡು ನಿಮಿಷ ನೆನೆಯಲು ಬಿಟ್ಟು ಕುಡಿಯಬೇಕು.

ಬಹಳ ಜನ ಎಡವುವುದು ಸಮಯದಲ್ಲಿ. ಈ ಪುಡಿ ಅರ್ಸೋವನ್ನೂ ಕಟ್ಟಿಹಾಕುತ್ತದೆ, ಥೈರಾಕ್ಸಿನ್, ವಾರ್ಫರಿನ್, ಡಿಗಾಕ್ಸಿನ್‌ಗಳನ್ನೂ ಬಿಡುವುದಿಲ್ಲ. ಅರ್ಸೋಗೂ ಇದಕ್ಕೂ ಕನಿಷ್ಠ ನಾಲ್ಕು ಗಂಟೆ ಅಂತರವಿರಲಿ. ಅರ್ಸೋವನ್ನು ರಾತ್ರಿ ಮಲಗುವಾಗ ತೆಗೆದುಕೊಳ್ಳುವುದು ಸುಲಭದ ದಾರಿ. ಉಳಿದ ಮಾತ್ರೆಗಳು ಪುಡಿಗೆ ಒಂದು ಗಂಟೆ ಮುಂಚೆ ಅಥವಾ ನಾಲ್ಕರಿಂದ ಆರು ಗಂಟೆ ನಂತರ. ಪುಡಿ ಶುರುವಾದ ಮೇಲೆ ಎಎಲ್‌ಪಿ ಮತ್ತೆ ಏರಿದರೆ ನಾನು ಮೊದಲು ಕೇಳುವುದು ಈ ಅಂತರವನ್ನೇ. ಮಲಬದ್ಧತೆ, ಹೊಟ್ಟೆಯುಬ್ಬರ ಬರಬಹುದು. ದೀರ್ಘಕಾಲ ಬಳಸಿದರೆ ಎ, ಡಿ, ಇ, ಕೆ ವಿಟಮಿನ್‌ಗಳು ಕುಸಿಯುತ್ತವೆ. ಐಎನ್‌ಆರ್ ಏರಿದರೆ ಅದು ಲಿವರಿನ ಸೋಲೋ ವಿಟಮಿನ್ ಕೆ ಕೊರತೆಯೋ ಎಂದು ವಿಟಮಿನ್ ಕೆ ಕೊಟ್ಟು ನೋಡುತ್ತಾರೆ. ಎರಡು ದಿನಕ್ಕೆ ಫಲವಿಲ್ಲವೆಂದು ಬಿಡಬೇಡಿ, ಎರಡು ವಾರವಾದರೂ ಸರಿಯಾಗಿ ತೆಗೆದುಕೊಳ್ಳಲಿ.

ಅದು ಸಾಲದಿದ್ದರೆ ರಿಫಾಂಪಿಸಿನ್, 150 ಮಿಗ್ರಾಂನಿಂದ ಶುರುಮಾಡಿ ಮೆಲ್ಲಗೆ ಏರಿಸುತ್ತಾರೆ, ಗರಿಷ್ಠ 600. ಚೆನ್ನಾಗಿ ಕೆಲಸ ಮಾಡುವ ಔಷಧ, ಆದರೆ ಸ್ವತಃ ಲಿವರಿಗೆ ಪೆಟ್ಟು ಕೊಡಬಲ್ಲದು. ಮೊದಲ ಕೆಲವು ವಾರಗಳಲ್ಲಿ ಮತ್ತು ಡೋಸ್ ಏರಿಸಿದಾಗೆಲ್ಲ ಎಎಲ್‌ಟಿ, ಬಿಲಿರುಬಿನ್ ನೋಡಲೇಬೇಕು. ಬಿಲಿರುಬಿನ್ ಮೊದಲೇ ಏರಿರುವವರಲ್ಲಿ ಇನ್ನೂ ಎಚ್ಚರ ಬೇಕು. ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ, ಅದು ಕಾಮಾಲೆಯಲ್ಲ. ಕ್ಷಯದ ಔಷಧವೂ ಇದೇ ಆದ್ದರಿಂದ ಗೊತ್ತಿಲ್ಲದ ಕ್ಷಯವಿದ್ದು ಇದೊಂದನ್ನೇ ನುಂಗಿದರೆ ರೋಗಾಣು ಔಷಧಕ್ಕೆ ಬಗ್ಗದಂತಾಗುತ್ತದೆ. ಮೊದಲು ಅದನ್ನು ತಳ್ಳಿಹಾಕಬೇಕು.

ಬೆಝಾಫೈಬ್ರೇಟ್ 400 ಮಿಗ್ರಾಂ ಬಗ್ಗೆ ತಾಯಿಯವರ ವೈದ್ಯರನ್ನು ವಿಶೇಷವಾಗಿ ಕೇಳಿ. 2021ರಲ್ಲಿ ಪ್ರಕಟವಾದ ಫಿಚ್ ಅಧ್ಯಯನದಲ್ಲಿ ಮೂರು ವಾರದಲ್ಲಿ 45 ಶೇಕಡಾ ಜನರ ತುರಿಕೆ ಅರ್ಧದಷ್ಟು ಅಥವಾ ಅದಕ್ಕಿಂತ ಹೆಚ್ಚು ಇಳಿಯಿತು, ಹುಸಿ ಮಾತ್ರೆ ತೆಗೆದುಕೊಂಡವರಲ್ಲಿ 11 ಶೇಕಡಾ. ಎಎಲ್‌ಪಿಯೂ ಇಳಿಯುವುದರಿಂದ ಅವರ ಎರಡೂ ತೊಂದರೆಗೆ ಒದಗುವ ಔಷಧ ಇದು. ಕ್ರಿಯಾಟಿನಿನ್ ಮತ್ತು ಸ್ನಾಯುನೋವಿನ ಮೇಲೆ ಗಮನವಿರಬೇಕು. ಹೊಸದಾದ ಸೆಲಾಡೆಲ್ಪಾರ್ ಸಹ ತುರಿಕೆ ತಗ್ಗಿಸುತ್ತದೆ. ಒಬೆಟಿಕೋಲಿಕ್ ಆಮ್ಲ ಇದಕ್ಕೆ ತದ್ವಿರುದ್ಧ, ತುರಿಕೆಯನ್ನೇ ಹೆಚ್ಚಿಸುತ್ತದೆ. ಮುಂದಿನ ಮೆಟ್ಟಿಲಲ್ಲಿ ಓಪಿಯಾಯ್ಡ್‌ಗಳನ್ನು ತಡೆಯುವ ನಾಲ್ಟ್ರೆಕ್ಸೋನ್ ಇದೆ (ಮಾರ್ಫಿನ್, ಟ್ರಮಡಾಲ್ ತರಹದ ನೋವಿನ ಔಷಧ ತೆಗೆದುಕೊಳ್ಳುವವರಿಗೆ ಕೂಡದು), ಖಿನ್ನತೆಗೆ ಕೊಡುವ ಸರ್ಟ್ರಲಿನ್ 100 ಮಿಗ್ರಾಂವರೆಗೆ ಇದೆ. ಯಾವುದಕ್ಕೂ ಬಗ್ಗದ ತುರಿಕೆ, ಬಿಲಿರುಬಿನ್ ನಾರ್ಮಲ್ ಇದ್ದರೂ, ಲಿವರ್ ಕಸಿಗೆ ಒಪ್ಪಿತ ಕಾರಣ.

ಮನೆಯಲ್ಲಿ: ಬಿಸಿನೀರಿನ ಸ್ನಾನ ಬೇಡ, ಉಗುರುಬೆಚ್ಚಗಿನ ನೀರು ಸಾಕು, ಮೈ ಒದ್ದೆಯಿರುವಾಗಲೇ ವಾಸನೆಯಿಲ್ಲದ ಕ್ರೀಮ್ ಹಚ್ಚಲಿ, ಮೆಂಥಾಲ್ ಇರುವ ಲೋಷನ್ ಹಾಯೆನಿಸುತ್ತದೆ, ಉಗುರು ಚಿಕ್ಕದಾಗಿರಲಿ, ಮಲಗುವ ಕೋಣೆ ತಂಪಾಗಿರಲಿ.

ಪ್ರತಿದಿನ ಬೆಳಿಗ್ಗೆ ಕಳೆದ 24 ಗಂಟೆಯ ಅತಿ ಕೆಟ್ಟ ತುರಿಕೆಗೆ 0ರಿಂದ 10ರೊಳಗೆ ಒಂದು ಅಂಕ ಬರೆಯಿಸಿ, ನಿದ್ದೆ ಎಷ್ಟು ಸಲ ಕೆಟ್ಟಿತೆಂದೂ ಸೇರಿಸಿ. ತುರಿಕೆಗೆ ರಕ್ತಪರೀಕ್ಷೆ ಇಲ್ಲ, ಈ ಪಟ್ಟಿಯೇ ಅದರ ರಿಪೋರ್ಟ್. ಔಷಧ ಬದಲಿಸಿದ ದಿನ ಗುರುತು ಹಾಕಿದರೆ ಯಾವುದು ಕೆಲಸ ಮಾಡಿತೆಂದು ವೈದ್ಯರಿಗೆ ಒಂದೇ ನೋಟಕ್ಕೆ ತಿಳಿಯುತ್ತದೆ.

ಇದನ್ನು ಓದುವ ಪಿಎಸ್‌ಸಿ (ಪ್ರೈಮರಿ ಸ್ಕ್ಲೆರೋಸಿಂಗ್ ಕೊಲಾಂಜೈಟಿಸ್ ಎಂಬ ಮತ್ತೊಂದು ಪಿತ್ತನಾಳ ರೋಗ) ರೋಗಿಗಳಿಗೆ ಒಂದು ಮಾತು: ನಿಮ್ಮಲ್ಲಿ ದೊಡ್ಡ ನಾಳಗಳೇ ಅಲ್ಲಲ್ಲಿ ಕಿರಿದಾಗಿರುತ್ತವೆ, ಎಎಲ್‌ಪಿ ತಾನಾಗಿ ಏರಿಳಿಯುತ್ತಿರುತ್ತದೆ. ತುರಿಕೆ ದಿಢೀರನೆ ಹೆಚ್ಚಿ ಬಿಲಿರುಬಿನ್ ಜಿಗಿದರೆ ಒಂದು ನಾಳ ಮುಚ್ಚಿಕೊಂಡಿರಬಹುದು, ಕಲ್ಲು ಅಥವಾ ಗೆಡ್ಡೆಯೂ ಇರಬಹುದು. ತುರಿಕೆಯ ಔಷಧ ಏರಿಸುತ್ತ ಕೂರದೆ ಎಂಆರ್‌ಸಿಪಿ (ಪಿತ್ತನಾಳಗಳ ಎಂಆರ್‌ಐ ಸ್ಕ್ಯಾನ್) ಮಾಡಿಸಬೇಕು.

ಯಾವ ಪಿತ್ತನಾಳ ರೋಗವೇ ಇರಲಿ, ಚಳಿಜ್ವರದ ಜೊತೆ ಕಣ್ಣು ಹಳದಿಯಾದರೆ ಅಥವಾ ಬಲಪಕ್ಕೆಯ ಕೆಳಗೆ ನೋವು ಬಂದರೆ, ಮಲ ಕಪ್ಪಗಾದರೆ, ರಕ್ತವಾಂತಿಯಾದರೆ, ಮಾತು ತೊದಲಿ ಗೊಂದಲವಾದರೆ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ, ಮುಂದಿನ ಅಪಾಯಿಂಟ್‌ಮೆಂಟ್‌ವರೆಗೆ ಕಾಯಬೇಡಿ.